ಫಿಯಾಟಿನ ಬ್ರೇಕಿಗೆ ಹೊಕ್ಕ ಗಾಳಿ

ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿ ದ್ಯಾಮಣ್ಣನವರ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ತೋರಿಸಿದವರು "ಯಾವ ಅರ್ಧ ಬೇಕ್ರಿ?" ಎಂದೂ ಕೇಳುತ್ತಾರೆ. ಒಂದು ಅರ್ಧದಲ್ಲಿ ಹಿರಿಯ ಮಗ ಉಳವಪ್ಪ, ಇನ್ನೊಂದರಲ್ಲಿ ಕಿರಿಯ ಮಗ ಹನಮೇಶ. ಅಂಗಳದ ನಡುವೆ ಎದೆಮಟ್ಟದ ಇಟ್ಟಂಗಿ ಗೋಡೆ. ಅದು ಗೇಟಿನ ತನಕ ಹೋಗಬೇಕಾಗಿತ್ತು. ಆದರೆ ತೀರಿಕೊಂಡ ದ್ಯಾಮಣ್ಣನವರ ಬಿಳಿ ಫಿಯಾಟ್ ಅಡ್ಡ ನಿಂತಿತ್ತು, ಅದನ್ನು ಯಾರ ಕಡೆ ಸರಿಸಬೇಕೆಂದು ತೀರ್ಮಾನವಾಗಲಿಲ್ಲ, ಗೌಂಡಿ ಬೇಸತ್ತು ಕರಣಿ ತೊಳೆದುಕೊಂಡು ಹೋಗಿಬಿಟ್ಟ. ಹೀಗಾಗಿ ಗೋಡೆ ಮುಗಿದಲ್ಲಿಂದ ಫಿಯಾಟ್ ಶುರುವಾಗುತ್ತದೆ. ಚಾಲಕನ ಬಾಗಿಲು ಹನಮೇಶನ ಅಂಗಳಕ್ಕೆ ತೆರೆಯುತ್ತದೆ, ಎಡಗಡೆಯ ಎರಡು ಚಕ್ರ ಉಳವಪ್ಪನ ಅಂಗಳದಲ್ಲಿವೆ. ಮನೆ, ಹೊಲ, ತಾಮ್ರದ ಹಂಡೆ ಎಲ್ಲ ಪಾಲಾದವು. ಫಿಯಾಟ್ ಮಾತ್ರ ಪಾಲಾಗದೆ ಉಳಿಯಿತು.

ಅಣ್ಣ ತಮ್ಮ ಮಾತು ಬಿಟ್ಟು ಎರಡು ಮಳೆಗಾಲ ಆಗಿದ್ದವು. ಮಾತು ಬಿಡುವುದೆಂದರೆ ನಮ್ಮ ಕಡೆ ಬರೀ ಸಿಟ್ಟಲ್ಲ, ಕಟ್ಟುನಿಟ್ಟಾದ ಒಂದು ವ್ಯವಹಾರ. ಮಾತು ಬಿಟ್ಟವರು ಹೇಳಬೇಕಾದ್ದನ್ನು ಹೇಳಿಯೇ ಹೇಳುತ್ತಾರೆ, ಆದರೆ ಮೂರನೆಯವರಿಗೆ. ಮೂರನೆಯವರಿಲ್ಲದಿದ್ದರೆ ಬೆಕ್ಕಿಗೆ. ಬೆಕ್ಕೂ ಇಲ್ಲದಿದ್ದರೆ ಬಾಗಿಲಿಗೆ. "ಬಾಗಲಾ, ಕರೆಂಟ್ ಬಿಲ್ಲು ಬಂದೈತಿ ನೋಡು" ಎಂದು ಉಳವಪ್ಪ ಬಾಗಿಲಿಗೆ ಹೇಳಿದರೆ, ಗೋಡೆಯಾಚೆ ಹನಮೇಶ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಈ ಪದ್ಧತಿಯಲ್ಲಿ ಎಷ್ಟೋ ಮನೆತನಗಳು ಮದುವೆ ಮುಂಜಿಗಳನ್ನೂ ಸುಸೂತ್ರವಾಗಿ ಮಾಡಿ ಮುಗಿಸಿವೆ.

ಮಾತು ಬಿಟ್ಟ ಕಾರಣ ಓಣಿಗೆಲ್ಲ ಗೊತ್ತು. ದ್ಯಾಮಣ್ಣನವರು ಕೊನೆಯುಸಿರು ಎಳೆಯುತ್ತಿದ್ದ ಬೆಳಗ್ಗೆಯೇ, ವಾರ ದಾಟಿದ ಮೇಲೆ, ನಳಕ್ಕೆ ನೀರು ಬಂತು. ಉಳವಪ್ಪ ಡಾಕ್ಟರರನ್ನು ಕರೆತರಲು ಹೋಗಿದ್ದ. ತಿರುಗಿ ಬಂದು ನೋಡಿದರೆ ಅಪ್ಪ ಹೋಗಿಬಿಟ್ಟಿದ್ದರು, ತಮ್ಮ ಹಿತ್ತಲಿನಲ್ಲಿ ಮೋಟರ್ ಹಚ್ಚಿಕೊಂಡು ನಿಂತಿದ್ದ. ಮಣ್ಣಿಗೆ ಬಂದ ಮಂದಿಯೆಲ್ಲ ಕೇಳುವಂತೆ ಉಳವಪ್ಪ ಅಂದುಬಿಟ್ಟ: "ಅಪ್ಪನ ಬಾಯಾಗ ಒಂದು ಹನಿ ನೀರು ಬಿಡೂ ಹೊತ್ತಿನ್ಯಾಗ ನೀ ಟಾಕಿಗೆ ನೀರು ಬಿಟ್ಕೋತ ನಿಂತಿದ್ಯಲ್ಲೋ." ಹನಮೇಶ ಆಗ ಮರುಮಾತಾಡಲಿಲ್ಲ, ಆಮೇಲೂ ಆಡಲಿಲ್ಲ. ಆ ಮಾತು ಆಡಬಾರದಿತ್ತು ಎಂದು ಉಳವಪ್ಪನಿಗೆ ಮರುದಿನವೇ ಅನಿಸಿತ್ತು. ಆದರೆ ಅನಿಸಿದ್ದನ್ನು ಯಾರ ಕೈಯಲ್ಲಿ ಹೇಳಿಕಳಿಸುವುದು? ಅಂಥದನ್ನೆಲ್ಲ ಬೆಕ್ಕಿನ ಮುಂದೆ ಆಡಲು ಬರುವುದಿಲ್ಲ.

ಹೀಗಿರುವಾಗ ಫಿಯಾಟಿನ ಬ್ರೇಕು ಹೋಯಿತು. ಒಂದು ಅಮಾವಾಸ್ಯೆಗೆ ಇವನು, ಇನ್ನೊಂದಕ್ಕೆ ಅವನು ಅದರಲ್ಲಿ ಮಠಕ್ಕೆ ಹೋಗಿಬರುವ ಪರಿಪಾಠ ಇತ್ತು. ಈ ಸಲ ಉಳವಪ್ಪನ ಸರದಿ. ಮಠದಿಂದ ಬಂದವನು ಓಣಿಯಲ್ಲಿ ಬ್ರೇಕು ಒತ್ತಿದ, ಪೆಡಲು ಬೆಲ್ಲದ ಪಾಕದಲ್ಲಿ ಕಾಲಿಟ್ಟ ಹಾಗೆ ತಳಕ್ಕೆ ಇಳಿಯಿತು, ಫಿಯಾಟ್ ನಿಧಾನವಾಗಿ ಸಾಗಿ ಎದುರುಮನೆ ಮೈಲಾರಪ್ಪನ ಕಟ್ಟೆಗೆ ಮೂಗು ಆನಿಸಿ ನಿಂತಿತು. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಮೈಲಾರಪ್ಪ ಕಾಲು ಮೇಲೆತ್ತಿಕೊಂಡು, "ಮುಂದಿನ ಸಲ ಮೊದಲ ಹೇಳಿ ಬರ್ರಿ, ಬಟ್ಟಲಾ ತಗೀತೇನಿ" ಎಂದ. ಓಣಿಯವರು ಗಾಡಿಯನ್ನು ದಬ್ಬಿ ಅಂಗಳದ ಅದೇ ಜಾಗದಲ್ಲಿ ನಿಲ್ಲಿಸಿದರು.

ಇದೇ ಹೊತ್ತಿಗೆ ಗಾಡಿಯ ನೋಂದಣಿಯ ಮುದ್ದತೂ ಮುಗಿಯಲು ಬಂದಿತ್ತು. ಸೋಮವಾರ ಆರ್.ಟಿ.ಒ. ಆಫೀಸಿನಲ್ಲಿ ಇನ್ಸ್‌ಪೆಕ್ಟರ್ ನೋಡಿ ಪಾಸು ಮಾಡಿದರೆ ಇನ್ನೈದು ವರ್ಷ ಓಡಿಸಬಹುದು. ಇಲ್ಲದಿದ್ದರೆ ತಾರಿಹಾಳದ ಗುಜರಿಗೆ ಕೊಡಬೇಕು. ಗಾಡಿ ಗುಜರಿಗೆ ಹೋಯಿತೆಂದರೆ ಜಾಗ ಖಾಲಿಯಾಗುತ್ತದೆ, ಗೌಂಡಿ ಬರುತ್ತಾನೆ, ಉಳಿದ ಗೋಡೆ ಗೇಟಿನವರೆಗೂ ಎದ್ದು ನಿಲ್ಲುತ್ತದೆ. ಆ ಗೋಡೆ ಪೂರಾ ಆದರೆ ತಮ್ಮನ ಮುಖ ನೋಡುವುದಕ್ಕೆ ತನಗೆ ನೆಪವೇ ಉಳಿಯುವುದಿಲ್ಲ ಎಂಬುದು ಉಳವಪ್ಪನಿಗೆ ಗೊತ್ತಿತ್ತು.

ಇಂಥ ಸಂಕಟದಲ್ಲಿ ಬೇರೆಯವರಾದರೆ ಮಿಸ್ತ್ರಿಯನ್ನು ಮನೆಗೆ ಕರೆಸುತ್ತಿದ್ದರು. ಉಳವಪ್ಪ ಕರೆಸಲಿಲ್ಲ. ಅವನು ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ, ತಯಾರಾದ ವಾಲ್ವುಗಳ ಡಬ್ಬಿಗೆ ವಿಳಾಸದ ಚೀಟಿ ಅಂಟಿಸುವ ವಿಭಾಗದಲ್ಲಿದ್ದ. ಡಬ್ಬಿಯ ಒಳಗಿನ ವಸ್ತುವನ್ನು ಅವನು ಸರಿಯಾಗಿ ನೋಡಿದವನಲ್ಲ. ಆದರೂ ವರ್ಷಾನುಗಟ್ಟಲೆ ಅವುಗಳ ಸಹವಾಸದಲ್ಲಿದ್ದು ಎಣ್ಣೆ, ಗಾಳಿ, ಒತ್ತಡ ಈ ಮೂರರ ಮರ್ಮ ತನಗೆ ತಿಳಿದಿದೆ ಎಂಬ ಭಾವನೆ ಬೆಳೆದಿತ್ತು. "ಬ್ರೇಕಿನ ಪೈಪಿನ್ಯಾಗ ಗಾಳಿ ಹೊಕ್ಕೈತಿ, ಅಷ್ಟ. ಗಾಳಿ ಹೊರಗ ಹಾಕೂದು. ಅದಕ್ಕ್ಯಾಕ ಮಿಸ್ತ್ರಿ?" ಎಂದು ಮೈಲಾರಪ್ಪನ ಕಟ್ಟೆಯ ಮೇಲೆ ಘೋಷಿಸಿಬಿಟ್ಟಿದ್ದ. ಮೊಬೈಲಿನಲ್ಲಿ ಅದರ ವಿಡಿಯೋ ನೋಡಿದ್ದ. ಅದರಲ್ಲಿ ಒಬ್ಬ ಗಡ್ಡದವನು ಹಾಡು ಗುನುಗುತ್ತ ಗಾಳಿ ತೆಗೆದು ಕೈ ಒರೆಸಿಕೊಂಡಿದ್ದ.

ರವಿವಾರ ಬೆಳಗ್ಗೆ ಫಿಯಾಟಿನ ಎಡಗಡೆಯ ಹಿಂದಿನ ಚಕ್ರ ಕಳಚಿ, ಜಾಕಿನ ಜೊತೆಗೆ ಇಟ್ಟಂಗಿಯ ಒಟ್ಟಿಲು ಇಟ್ಟು, ಸೋರುತ್ತಿದ್ದ ರಬ್ಬರು ಬದಲಿಸಿ, ಹೊಸ ಬ್ರೇಕ್ ಆಯಿಲ್ ಸುರಿದು ಉಳವಪ್ಪ ಗಾಡಿಯ ಬುಡಕ್ಕೆ ತೂರಿಕೊಂಡ. ಚಕ್ರದ ಹಿಂಬದಿಯಲ್ಲಿ ಒಂದು ಸಣ್ಣ ನಿಪ್ಪಲ್ಲು ಇರುತ್ತದೆ. ಒಬ್ಬರು ಮೇಲೆ ಕೂತು ಪೆಡಲು ಒತ್ತಿ ಹಿಡಿಯಬೇಕು, ಕೆಳಗಿದ್ದವರು ಪಾನಾ ಹಾಕಿ ನಿಪ್ಪಲ್ಲು ಸಡಿಲಿಸಬೇಕು, ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಬರುತ್ತದೆ, ನಿಪ್ಪಲ್ಲು ಬಿಗಿ ಮಾಡಿದ ಮೇಲೆಯೇ ಮೇಲಿದ್ದವರು ಕಾಲು ಬಿಡಬೇಕು. ಮೊದಲೇ ಬಿಟ್ಟರೆ ಹೊರಗೆ ಹೋದ ಗಾಳಿ ಬಂದ ದಾರಿಯಿಂದಲೇ ಒಳಗೆ ಹೋಗುತ್ತದೆ. ಅಂದರೆ ಈ ಕೆಲಸಕ್ಕೆ ಇಬ್ಬರು ಬೇಕು, ಇಬ್ಬರಲ್ಲಿ ಮಾತು ಬೇಕು. ವಿಡಿಯೋದ ಗಡ್ಡದವನು ಇದನ್ನೂ ಹೇಳಿದ್ದ, ಆದರೆ ವಿಡಿಯೋ ಅಲ್ಲಿಗೆ ಬರುವಷ್ಟರಲ್ಲಿ ಉಳವಪ್ಪ ಊಟಕ್ಕೆ ಎದ್ದು ಹೋಗಿದ್ದ.

ಮೊದಲು ಹೆಂಡತಿ ಚನ್ನಬಸವ್ವನನ್ನು ಕೂರಿಸಿದ. ಆಕೆ ಮೊಣಕಾಲು ನೋವಿನವಳು. ನರಳುತ್ತ, ಶಿವ ಶಿವ ಎನ್ನುತ್ತ, ಉಳವಪ್ಪ ಹೇಳಿದಾಗೆಲ್ಲ ಒತ್ತಿದಳು, ಹೇಳಿದಾಗೆಲ್ಲ ಬಿಟ್ಟಳು. ಕೆಳಗೆ ಎಣ್ಣೆಯೂ ಬರಲಿಲ್ಲ, ಗಾಳಿಯೂ ಬರಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂದ ಮೇಲೆ ಉಳವಪ್ಪ ತೆವಳಿ ಹೊರಬಂದು ನೋಡಿದ. ಆಕೆ ಅಷ್ಟು ಹೊತ್ತೂ ಕ್ಲಚ್ ಒತ್ತಿದ್ದಳು.

"ಮೂರು ಅದಾವು. ಯಾವುದರ ಒಂದು ಒತ್ತು ಅಂದ್ರಿ ಅಂತ ತಿಳಕೊಂಡ್ನಿ," ಎಂದಳು ಚನ್ನಬಸವ್ವ. "ನನ್ನ ಕಾಲು ಮುಗೀತ್ರಿ. ಗಟ್ಟಿ ಕಾಲಿನವರನ್ನ ನೋಡಿಕೊಳ್ರಿ."

ಗಟ್ಟಿ ಕಾಲು ಗೋಡೆಯಾಚೆ ಇತ್ತು. ಹನಮೇಶ ಹರೆಯದಲ್ಲಿ ಕಬಡ್ಡಿ ಆಡಿದವನು. ಉಳವಪ್ಪ ಗೋಡೆಯ ಬಳಿ ನಿಂತು ಹೆಂಡತಿಗೆ, ಆಕೆ ಪಕ್ಕದಲ್ಲೇ ಇದ್ದರೂ ಊರಿಗೆ ಕೇಳಿಸುವಂತೆ ಹೇಳಿದ: "ನಾಳೆ ಪಾಸ್ ಆಗಲಿಲ್ಲಂದ್ರ ಅಪ್ಪನ ಗಾಡಿ ಗುಜರಿಗೆ ಹೋಗತೈತಿ. ಅಪ್ಪನ ಮ್ಯಾಲೆ ಪ್ರೀತಿ ಇದ್ದವರು ಯಾರರ ಬಂದು ಒಂದೀಟು ಕಾಲು ಕೊಟ್ಟರ ಕೊಡಬೌದು."

ಗೋಡೆಯಾಚೆ ಚಪ್ಪಲಿಯ ಸಪ್ಪಳವಾಯಿತು. ಆಮೇಲೆ ಫಿಯಾಟಿನ ಆ ಬದಿಯ ಬಾಗಿಲು ಕಿರ್ರೆಂದು ತೆರೆಯಿತು. ಹನಮೇಶ ತನ್ನ ಅಂಗಳದಿಂದಲೇ ಒಳಗೆ ಕೂತ, ಅಣ್ಣನ ನೆಲಕ್ಕೆ ಹೆಬ್ಬೆರಳನ್ನೂ ತಾಗಿಸಲಿಲ್ಲ.

"ವೈನಿ," ಎಂದ ಅತ್ತಿಗೆಗೆ, ಗಾಜಿನ ಕಡೆ ನೋಡುತ್ತ, "ಅಪ್ಪನ ಗಾಡಿ ಸಲುವಾಗಿ ಬಂದೇನಿ. ಯಾರ ಮಾರಿ ನೋಡಾಕ ಬಂದಿಲ್ಲ ಅಂತ ಹೇಳ್ರಿ."

"ಮಾರಿ ಗಾಡಿ ಬುಡಕ ಇರತೈತಿ, ಕಾಣಂಗಿಲ್ಲ ಅಂತ ಹೇಳು," ಎಂದು ಉಳವಪ್ಪ ಬುಡಕ್ಕೆ ತೂರಿದ.

ಕೆಲಸ ಶುರುವಾಯಿತು. ಉಳವಪ್ಪ ಕೆಳಗಿನಿಂದ "ಒತ್ತಂತ ಹೇಳು" ಎನ್ನುವನು. ಚನ್ನಬಸವ್ವ ಕಿಟಕಿಯಲ್ಲಿ ಬಗ್ಗಿ "ಹನಮೇಶಪ್ಪಾ, ಒತ್ತಬೇಕಂತ" ಎನ್ನುವಳು. ಹನಮೇಶ ಒತ್ತಿ, "ಒತ್ತೇನಿ ಅಂತ ಹೇಳ್ರಿ ವೈನಿ" ಎನ್ನುವನು. ಆಕೆ ಸೊಂಟ ಹಿಡಿದುಕೊಂಡು ಕೆಳಗೆ ಬಗ್ಗಿ "ಒತ್ಯಾನಂತ್ರಿ" ಎನ್ನುವಳು. ಉಳವಪ್ಪ ನಿಪ್ಪಲ್ಲು ಸಡಿಲಿಸುವನು, ಗುಳ್ಳೆ ಬರುವವು, ಬಿಗಿ ಮಾಡುವನು. "ಬಿಡಂತ ಹೇಳು." ಇಲ್ಲಿಯವರೆಗೆ ಸರಿ. ಆದರೆ ಎರಡನೆಯ ಸುತ್ತಿನ "ಒತ್ತು" ಕಿಟಕಿ ಮುಟ್ಟುವಷ್ಟರಲ್ಲಿ ಮೊದಲ ಸುತ್ತಿನ "ಬಿಟ್ಟೇನಿ" ಕೆಳಗೆ ಬರುತ್ತಿತ್ತು. ಉಳವಪ್ಪ ಬಿಚ್ಚುವಾಗ ತಮ್ಮ ಬಿಡುತ್ತಿದ್ದ, ಬಿಗಿಯುವಾಗ ಒತ್ತುತ್ತಿದ್ದ. ಹೊರಗೆ ಬಂದ ಗಾಳಿಗಿಂತ ಒಳಗೆ ಹೋದದ್ದೇ ಹೆಚ್ಚು. ಎಣ್ಣೆಯೆಲ್ಲ ಉಳವಪ್ಪನ ಬನಿಯನ್ನಿಗೆ ಆಯಿತು.

ಮೈಲಾರಪ್ಪ ಇದನ್ನು ತನ್ನ ಕಟ್ಟೆಯಿಂದ ನೋಡುತ್ತಿದ್ದ. ಅವನು ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗಿ ನಿವೃತ್ತನಾದವನು. ಇಬ್ಬರ ನಡುವೆ ವ್ಯಾಜ್ಯ ಇದ್ದಲ್ಲಿ ನಿಂತು ಕೂಗುವ ಕೆಲಸ ಇನ್ನೊಬ್ಬರು ಮಾಡುವುದನ್ನು ಅವನಿಗೆ ನೋಡಲಾಗಲಿಲ್ಲ. "ತಂಗಿ, ನೀ ಸರೀ. ಇದಕ್ಕ ದನಿ ಬೇಕು" ಎಂದು ಬಂದು ಬಾನೆಟ್ಟಿನ ಬಳಿ ನೆಟ್ಟಗೆ ನಿಂತ.

"ಒತ್ತಂತ ಹೇಳ್ರಿ ಮೈಲಾರಪ್ಪಾರ," ಎಂದ ಉಳವಪ್ಪ.

"ಒತ್ತಬೇಕೂ, ಒತ್ತಬೇಕೂ, ಒತ್ತಬೇಕೂ," ಎಂದು ಮೈಲಾರಪ್ಪ ಕೂಗಿದ. ಮೂರು ಸಲಕ್ಕಿಂತ ಕಡಿಮೆ ಕೂಗಿ ಅವನಿಗೆ ರೂಢಿಯಿರಲಿಲ್ಲ. ಹನಮೇಶ ಮೂರು ಸಲ ಒತ್ತಿದ. "ಬಿಡಬೇಕೂ" ಎಂಬುದೂ ಮೂರಾಯಿತು. ಓಣಿಯ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ಅಣ್ಣ ತಮ್ಮ ಕೊನೆಗೂ ಕೋರ್ಟಿಗೆ ಹೋದರು ಎಂದು ಕೆಲವರು ತಿಳಿದರು.

ಅದೇ ಗದ್ದಲದಲ್ಲಿ ಚನ್ನಬಸವ್ವನ ಮೊಬೈಲು ಬಡಿದುಕೊಂಡಿತು. ಧಾರವಾಡದಿಂದ ಸಾವಕ್ಕ, ದ್ಯಾಮಣ್ಣನವರ ತಂಗಿ, ಇಬ್ಬರಿಗೂ ಸೋದರತ್ತೆ. ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ ಬೇರೆ ಬರುತ್ತಿತ್ತು. ಚನ್ನಬಸವ್ವ ಓಡುತ್ತಲೇ ಹೇಳಿದಳು: "ಅತ್ತಿಯರ, ಈಗ ಮಾತಾಡಾಕ ಆಗಂಗಿಲ್ಲರಿ. ಇವರು ಗಾಡಿ ಬುಡಕ ಬಿದ್ದಾರ. ಹನಮೇಶಪ್ಪ ಗಾಡ್ಯಾಗ ಕುಂತು ಒತ್ತಾಕತ್ತಾನ. ಓಣಿ ಮಂದಿ ಎಲ್ಲಾ ಕೂಡೈತಿ. ಆಮ್ಯಾಲೆ ಮಾಡ್ತೇನಿ." ಇಟ್ಟುಬಿಟ್ಟಳು.

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದರೆ ಸಾವಕ್ಕನಿಗೆ ಬ್ರೇಕಿನ ಸಂಗತಿ ಗೊತ್ತಿರಲಿಲ್ಲ, ಮಾತು ಬಿಟ್ಟ ಸಂಗತಿ ಗೊತ್ತಿತ್ತು. ಆಕೆ ಧಾರವಾಡದ ತನ್ನ ಮನೆಯ ಕಟ್ಟೆಯ ಮೇಲೆ ಕೂತಳು. ಮತ್ತೆ ಫೋನು ಮಾಡಿದಳು, ಯಾರೂ ಎತ್ತಲಿಲ್ಲ. ಚನ್ನಬಸವ್ವ ಒಲೆಯ ಮುಂದೆ ಹಾಲು ಬಳಿಯುತ್ತಿದ್ದಳು. ಆಮೇಲೆ ಸಾವಕ್ಕ ಬಂಧು ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದಳು. ಬಳಗದಲ್ಲಿ ಒಬ್ಬರು ತಿಳಿದವರು, ಅಳುವುದಕ್ಕೆ ಮೊದಲು ಪೊಲೀಸರಿಗೆ ತಿಳಿಸಬೇಕು ಎಂದು ನೂರಾ ಹನ್ನೆರಡಕ್ಕೆ ಫೋನು ಮಾಡಿದರು. ಸಾವಕ್ಕ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದಳು. ಬರಿಗೈಯಲ್ಲಿ ಬರುವುದು ಹೇಗೆಂದು ದಾರಿಯಲ್ಲಿ ಒಂದು ದಪ್ಪ ಹೂವಿನ ಹಾರ ಕೊಂಡುಕೊಂಡಳು.

ಗಾಡಿಯ ಬುಡದಲ್ಲಿ ಅದೇ ಆಗ ಸುತ್ತುಗಳು ಸ್ವಲ್ಪ ಹಳಿಗೆ ಬಂದಿದ್ದವು. ಮೈಲಾರಪ್ಪ ಒಂದೇ ಸಲ ಕೂಗುವುದಕ್ಕೆ ಒಪ್ಪಿದ್ದ, ಆದರೆ ಅದರಿಂದ ಅವನ ಮುಖ ಬಾಡಿತ್ತು. ಹನಮೇಶ ಒತ್ತಿ ಹಿಡಿದಿದ್ದ, ಉಳವಪ್ಪ ನಿಪ್ಪಲ್ಲು ಬಿಚ್ಚಿದ್ದ, ಗುಳ್ಳೆ ಬುರುಬುರು ಬರುತ್ತಿದ್ದವು. ಆಗ ಗೇಟಿನಲ್ಲಿ ಸಾವಕ್ಕ ಕಂಡಳು. ಫಿಯಾಟಿನ ಬುಡದಿಂದ ಹೊರಚಾಚಿದ ಎರಡು ಅಲುಗಾಡದ ಕಾಲುಗಳನ್ನು ಕಂಡಳು. ಗಾಡಿಯಲ್ಲಿ ಹಲ್ಲು ಕಚ್ಚಿ ಕೂತ ಹನಮೇಶನನ್ನು ಕಂಡಳು. ಅಲ್ಲೇ ನೆಲಕ್ಕೆ ಕೂತು ಹಾಡಿಕೊಂಡು ಅಳತೊಡಗಿದಳು.

"ಏನ ಮಾಡಿಕೊಂಡ್ಯೋ ನನ್ನಪ್ಪಾ ಉಳವಾ... ಬಾಯಿ ಒಂದು ಕೆಟ್ಟಿತ್ತಲ್ಲೋ ಮಗನ... ಕೈಲೆ ಏನೂ ನೀಗಲಿಲ್ಲ, ಬಾಯಿಲೆ ಎಲ್ಲಾ ಕಡಿದ್ಯಲ್ಲೋ... ಪೆಟಗಿಗೆ ಚೀಟಿ ಹಚ್ಚಿಕೋತ ಇಂಜಿನಿಯರ್ ಅಂತ ಹೇಳಿಕೊಂಡು ತಿರಗತಿದ್ಯಲ್ಲೋ..."

ಸತ್ತವರ ಗುಣಗಾನ ಮಾಡಬೇಕೆಂಬ ಪದ್ಧತಿ ಸಾವಕ್ಕನಿಗೆ ಗೊತ್ತಿಲ್ಲದ್ದಲ್ಲ. ದುಃಖದಲ್ಲಿ ಆಕೆ ನಿಜವನ್ನೇ ಹೇಳುತ್ತಿದ್ದಳು. ಕೆಳಗೆ ಉಳವಪ್ಪ ಪಾನಾ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡ. "ಅತ್ತಿ, ನಾ ಜೀವಂತ ಅದೇನಿ" ಎಂದ. ಅಳುವಿನಲ್ಲಿ ಅದು ಕೇಳಲಿಲ್ಲ. ಕೇಳಿದ್ದು ಮೈಲಾರಪ್ಪನಿಗೆ. ಅವನು ಇಂಥ ಹೊತ್ತಿನಲ್ಲಿ ಹಳೆಯ ಕಟ್ಟಳೆ ಬಿಡಬಾರದೆಂದು ಎದೆ ಸೆಟೆಸಿ, "ಜೀವಂತ ಅದಾರೂ, ಜೀವಂತ ಅದಾರೂ, ಜೀವಂತ ಅದಾರೂ" ಎಂದು ಕೂಗಿದ. ಸಾವಕ್ಕ ಕಣ್ಣೊರೆಸಿಕೊಂಡು, "ಜೀವ ಐತಂದ್ರ ಮತ್ತ ಎತ್ತರ್ಯೋ ಗಾಡೀನ, ಏನ ನೋಡಾಕತ್ತೀರಿ" ಎಂದು ಓಣಿಯವರ ಮೇಲೆ ಹರಿಹಾಯ್ದಳು. ನಾಲ್ಕು ಜನ ಬಂದು ಬಂಪರಿಗೆ ಕೈ ಹಾಕಿದರು.

ಆ ಗಳಿಗೆಗೇ ಪೊಲೀಸ್ ಜೀಪು ಬಂತು. ಇಳಿದ ಹವಾಲ್ದಾರ ಎಲ್ಲವನ್ನೂ ಒಂದೇ ನೋಟದಲ್ಲಿ ನೋಡಿದ: ಬುಡದಲ್ಲಿ ಕಾಲು, ನೆಲದ ಮೇಲೆ ಹರಿದ ಕಂದು ಎಣ್ಣೆ, ಹಾರ ಹಿಡಿದು ಅಳುವ ಮುದುಕಿ, ಚಾಲಕನ ಜಾಗದಲ್ಲಿ ಬೆವರುವ ಗಂಡಸು. ಅವನಿಗೆ ಅನುಮಾನ ಉಳಿಯಲಿಲ್ಲ. ಕಿಟಕಿಗೆ ಬಂದು ಮೆಲ್ಲಗೆ, ಸಿಟ್ಟು ಬರಿಸಬಾರದವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದ: "ಯಜಮಾನ್ರ, ಏನಿದ್ದರೂ ಕುಂತು ಮಾತಾಡೂಣು. ಮೊದಲ ಆ ಕಾಲು ತಗೀರಿ."

"ತಗಿಯಾಕ ಬರಂಗಿಲ್ಲರಿ," ಎಂದ ಹನಮೇಶ.

"ತಗೀರಿ ಅಂತ ಹೇಳಾಕತ್ತೇನಿ."

"ತಗದ್ರ ಎಲ್ಲಾ ಹಾಳಾಗತೈತ್ರಿ ಸಾಹೇಬ್ರ. ಮುಂಜಾನಿಂದ ಇದಕ್ಕ ಬಡಿದಾಡಾಕತ್ತೇವಿ."

ಇದನ್ನು ಕೇಳಿ ಸಾವಕ್ಕ ಮತ್ತೊಮ್ಮೆ ಚೀರಿದಳು. ಹವಾಲ್ದಾರ ಕಿಟಕಿಯೊಳಗೆ ಕೈ ಹಾಕಿ ಹನಮೇಶನ ತೋಳು ಹಿಡಿದ. ಬಂಪರು ಹಿಡಿದವರು "ಹೂಂ, ಎತ್ತರಿ" ಎಂದರು. ಗಾಡಿ ಅಲುಗಿತು. ಹನಮೇಶನ ಕಾಲು ಪೆಡಲಿನಿಂದ ಜಾರುವುದರಲ್ಲಿತ್ತು. ಬುಡದಲ್ಲಿ ಉಳವಪ್ಪನಿಗೆ ಗೊತ್ತಾಯಿತು, ಈಗ ಕಾಲು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಇನ್ನು ತಮ್ಮ ಎದ್ದು ಹೋದರೆ ತಿರುಗಿ ಬರುವುದಿಲ್ಲ, ನಾಳೆ ಗುಜರಿ, ನಾಡಿದ್ದು ಗೌಂಡಿ. ಹೇಳಿಕಳಿಸಲು ಹೆಂಡತಿ ಹತ್ತಿರ ಇರಲಿಲ್ಲ. ಮೈಲಾರಪ್ಪ ಪೊಲೀಸರನ್ನು ಕಂಡು ಸೆಲ್ಯೂಟು ಹೊಡೆಯುತ್ತ ನಿಂತಿದ್ದ.

"ಹನಮ್ಯಾ," ಎಂದು ಉಳವಪ್ಪ ಕೂಗಿದ, "ಬಿಡಬ್ಯಾಡೋ. ಗಟ್ಟಿ ಹಿಡಿ."

ಓಣಿ ಸುಮ್ಮನಾಯಿತು. ಸಾವಕ್ಕನ ಅಳು ಬಾಯಲ್ಲೇ ನಿಂತಿತು. ಹವಾಲ್ದಾರ ಹೊರಗಿನವನು, ಇದರಲ್ಲಿ ಏನಾಯಿತೆಂದು ಅವನಿಗೆ ತಿಳಿಯಲಿಲ್ಲ, ಆದರೆ ಎಲ್ಲರೂ ಸುಮ್ಮನಾದದ್ದಕ್ಕೆ ತಾನೂ ಕೈ ಬಿಟ್ಟ.

"ಹಿಡದೇನಿ ಅಣ್ಣಾ," ಎಂದ ಹನಮೇಶ. "ನೀ ಬಿಗಿ ಮಾಡು."

ಮುಂದಿನದು ಲಗೂ ಆಯಿತು. ಒತ್ತು, ಒತ್ತೇನಿ, ಹಿಡಿ, ಹಿಡದೇನಿ, ಬಿಡು, ಬಿಟ್ಟೇನಿ. ನಡುವೆ ಯಾರೂ ಇರಲಿಲ್ಲ. ಗುಳ್ಳೆಗಳು ಕಡಿಮೆಯಾದವು, ಕಂದು ಎಣ್ಣೆ ಹೋಗಿ ಹೊಸ ಎಣ್ಣೆ ಬಂತು, ಪೆಡಲು ಕಲ್ಲಿನಂತಾಯಿತು. ಉಳವಪ್ಪ ಬುಡದಿಂದ ಹೊರಬಂದಾಗ ಮೂಗು ಮೀಸೆಯೆಲ್ಲ ಎಣ್ಣೆಯಾಗಿ, ಅವನು ಸತ್ತಿಲ್ಲವೆಂದು ನಂಬಲು ಸಾವಕ್ಕನಿಗೆ ಮತ್ತೂ ಸ್ವಲ್ಪ ಹೊತ್ತು ಬೇಕಾಯಿತು. ನಂಬಿದ ಮೇಲೆ ಆಕೆಗೆ ಸಿಟ್ಟು ಬಂತು. "ಇಷ್ಟ ದೂರ ಬಂದೇನಿ, ಹೂವಿನ ಹಾರ ಏನ ಮಾಡ್ಲಿ?" ಎಂದಳು. ಹವಾಲ್ದಾರನೇ ಅದನ್ನು ಇಸಿದುಕೊಂಡು ಫಿಯಾಟಿನ ಬಾನೆಟ್ಟಿಗೆ ಹಾಕಿದ. ಚಹಾ ಕುಡಿದು, ಇಂಥ ಕೆಲಸಕ್ಕೆ ಇನ್ನು ಮೇಲೆ ಗ್ಯಾರೇಜಿಗೆ ಹೋಗಿರೆಂದು ಬುದ್ಧಿ ಹೇಳಿ ಹೋದ. ಓಣಿಯ ಮಂದಿ ಏನೂ ಆಗಲಿಲ್ಲವೆಂಬ ಬೇಸರದಿಂದ ಬಾಗಿಲು ಹಾಕಿಕೊಂಡರು.

ಉಳವಪ್ಪ ಚಿಂದಿಯಲ್ಲಿ ಕೈ ಒರೆಸುತ್ತ ಗಾಡಿಯ ಈ ಬದಿಗೆ ನಿಂತಿದ್ದ. ಹನಮೇಶ ಆ ಬದಿಯ ಬಾಗಿಲಿನಿಂದ ಇಳಿದು ತನ್ನ ಅಂಗಳದಲ್ಲಿ ನಿಂತಿದ್ದ. ನಡುವೆ ಫಿಯಾಟಿನ ಛಾವಣಿ. ಈಗ ಏನಾದರೂ ಅನ್ನಬೇಕು ಎಂದು ಉಳವಪ್ಪ ಬಾಯಿ ತೆರೆದ. ಒತ್ತು ಎನ್ನುವಂತಿರಲಿಲ್ಲ, ಬಿಡು ಎನ್ನುವಂತಿರಲಿಲ್ಲ. ಬೇರೆ ಮಾತು ಸಿಗಲಿಲ್ಲ.

ಹನಮೇಶ ಸ್ವಲ್ಪ ಕಾಯ್ದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಹೇಳಿದ: "ವೈನಿ, ಕೆಲಸ ಆತು, ನಾ ಹೋಗತೇನಿ ಅಂತ ಹೇಳ್ರಿ."

ಚನ್ನಬಸವ್ವ ಗಂಡನ ಮುಖ ನೋಡಿದಳು. ಹೇಳುವ ಅಗತ್ಯ ಕಾಣಲಿಲ್ಲ.

ಸೋಮವಾರ ಮೂವರೂ ಫಿಯಾಟಿನಲ್ಲಿ ಹೋದರು. ಹನಮೇಶ ಓಡಿಸಿದ, ಉಳವಪ್ಪ ಪಕ್ಕದಲ್ಲಿ ಕೂತ, ಚನ್ನಬಸವ್ವ ಮಾತು ಮುಟ್ಟಿಸಲೆಂದು ಹಿಂದೆ ಕೂತಳು. ಇನ್ಸ್‌ಪೆಕ್ಟರು ಬಾಡಿದ ಹಾರ ನೋಡಿ "ಪೂಜಿ ಮಾಡಿಸಿಕೊಂಡು ಬಂದೀರೇನ್ರಿ" ಎಂದು ಕೇಳಿದ, ಓಡಿಸಿ ಬ್ರೇಕು ಒತ್ತಿದ, ಗಾಡಿ ಒಮ್ಮೆಲೇ ನಿಂತು ಅವನ ಟೊಪ್ಪಿಗೆ ಡ್ಯಾಶಿನ ಮೇಲೆ ಬಿತ್ತು. "ಛಲೋ ಇಟ್ಟೀರಿ. ಇನ್ನ ಐದು ವರ್ಷ ಏನೂ ಆಗಂಗಿಲ್ಲ" ಎಂದು ಪಾಸು ಮಾಡಿದ. ಆರ್.ಟಿ.ಒ. ಆಫೀಸಿನಿಂದ ಅಷ್ಟು ಸಣ್ಣ ಮುಖ ಮಾಡಿಕೊಂಡು ಪಾಸಾದವರು ಯಾರೂ ಹೊರಬಂದಿರಲಿಕ್ಕಿಲ್ಲ. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಗಾಡಿಯಲ್ಲಿ ಹೇಳಿಕಳಿಸುವಂಥ ತೊಂದರೆ ಒಂದೂ ಉಳಿದಿರಲಿಲ್ಲ. ಉಳವಪ್ಪ ತಿರುವು ಬಂದಾಗೆಲ್ಲ ತಮ್ಮನ ಕಾಲಿನ ಕಡೆ ನೋಡಿದ, ಬ್ರೇಕು ಪ್ರತಿ ಸಲವೂ ಸರಿಯಾಗಿ ಹಿಡಿಯಿತು. ಐದು ವರ್ಷ ಎಂಬ ಮಾತು ಅವನಿಗೆ ಶಿಕ್ಷೆ ಹೇಳಿದ ಹಾಗೆ ಕೇಳಿಸಿತ್ತು.

ಸಂಜೆ ಚನ್ನಬಸವ್ವ ದೀಪ ಹಚ್ಚಲು ಒಳಗೆ ಹೋದಾಗ ಉಳವಪ್ಪ ಎದ್ದ. ನಿಪ್ಪಲ್ಲಿಗೆ ಒಂದು ಸುತ್ತು, ಪೆಡಲಿಗೆ ಎರಡು ಒದೆ, ಅಷ್ಟಾದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದ. ಯಾರೂ ನೋಡದ ಹಾಗೆ ಜಗುಲಿಯ ಗೂಡಿಗೆ ಕೈ ಹಾಕಿದರೆ ಪಾನಾ ಇರಲಿಲ್ಲ. ಮನೆಯಲ್ಲಿ ಒಂದು ಸಾಮಾನೂ ಇಟ್ಟಲ್ಲಿ ಇರುವುದಿಲ್ಲ ಎಂದು ಗೊಣಗುತ್ತ ಫಿಯಾಟಿನ ಬುಡಕ್ಕೆ ಬಗ್ಗಿ ನೋಡಿದ. ಪಾನಾ ಚಕ್ರದ ಹಿಂದೆ ಬಿದ್ದಿತ್ತು. ಅದರ ಬಾಯಿ ಒದ್ದೆಯಾಗಿತ್ತು. ನೆಲದ ಮೇಲೆ ಅಂಗೈಯಗಲ ಹೊಸ ಎಣ್ಣೆ.

ಮೊದಲು ಅವನ ಜೀವ ಹಾರಿತು. ತಾನು ಬಿಗಿದದ್ದು ಸಡಿಲವಾಗಿ, ಹೆಂಡತಿ ತಮ್ಮನ ಸಮೇತ ಇಂಥ ಗಾಡಿಯಲ್ಲಿ ಊರೆಲ್ಲ ತಿರುಗಿಬಂದೆವಲ್ಲ ಎಂದುಕೊಂಡ. ಬೆರಳಿನಿಂದ ನಿಪ್ಪಲ್ಲು ಮುಟ್ಟಿದ. ಅದು ತಾನಾಗಿ ಸಡಿಲವಾಗಿರಲಿಲ್ಲ, ಅಳತೆಯಾಗಿ ಒಂದು ಸುತ್ತು ತಿರುಗಿತ್ತು. ಪಾನಾ ತಾನಾಗಿ ಗೂಡಿನಿಂದ ಇಳಿದು ಬರುವುದಿಲ್ಲ. ಗಂಡನಿಗೆ ತಿಳಿಯುವುದು ತುಸು ತಡ ಎಂದು ಚನ್ನಬಸವ್ವ ಯಾವಾಗಲೂ ಹೇಳುತ್ತಾಳೆ. ಈ ಸಲವೂ ಮೊಣಕಾಲೂರಿ ಕೂತ ಮೇಲೆಯೇ ತಿಳಿಯಿತು, ತನ್ನ ಲೆಕ್ಕವನ್ನೇ ಗೋಡೆಯಾಚೆಯವನು ಮೊದಲೇ ಹಾಕಿದ್ದ.

ಎದ್ದು ಪೆಡಲಿಗೆ ಕೈ ಒತ್ತಿ ನೋಡಿದ. ತಳಕ್ಕೆ ಹೋಯಿತು.

"ಚನ್ನಬಸವ್ವಾ," ಎಂದ, "ಬ್ರೇಕು ಮತ್ತ ಹೋತು. ಅವಗ ಹೇಳು..." ಅಲ್ಲಿಗೆ ನಿಲ್ಲಿಸಿದ. ಗೋಡೆಯ ಕಡೆ ತಿರುಗಿ, "ಹನ..." ಎನ್ನುವಷ್ಟರಲ್ಲಿ ಆ ಬದಿಯ ಬಾಗಿಲು ತೆರೆಯಿತು. ಹನಮೇಶ ಅಲ್ಲೇ ಎಲ್ಲೋ ನಿಂತಿದ್ದಿರಬೇಕು. ಬಂದು ಕೂತು ಕಾಲು ಇಟ್ಟ. ಉಳವಪ್ಪ ಬುಡಕ್ಕೆ ಹೋದ.

"ಒತ್ತು."

"ಒತ್ತೇನಿ."

ಉಳವಪ್ಪ ಪಾನಾ ತಿರುಗಿಸಿದ. ಗಾಳಿ ಬುರುಗುಟ್ಟಿತು.

"ಹಿಡಿ."

"ಹಿಡದೇನಿ," ಎಂದ ಹನಮೇಶ. ಆಮೇಲೆ, ಮೇಲಿನಿಂದಲೇ, ಯಾರ ಮುಖವೂ ಕಾಣದ ಧೈರ್ಯದಲ್ಲಿ ಹೇಳಿದ: "ಅಣ್ಣಾ, ಅವತ್ತ ನಾ ಅಪ್ಪನ್ನ ಬಿಟ್ಟು ಹೋಗಿದ್ದಿಲ್ಲೋ. ಬಾಯಾಗ ನೀರು ಬಿಟ್ಟಿದ್ನಿ. ಎರಡು ಚಮಚಾ ಕುಡದ. ಆಮ್ಯಾಲೆ ಅವನ ಅಂದ, ನಳ ಬಂದೈತಿ, ಲಗೂ ಮೋಟರ್ ಹಚ್ಚು, ನಾಳೆತನಕ ಮಂದಿ ಬರ್ತಾರ, ನೀರು ಬೇಕಾಗತೈತಿ ಅಂದ. ನಾ ಬ್ಯಾಡಪ್ಪಾ ಅಂದ್ನಿ. ಬೈದು ಕಳಿಸಿದ."

ಅವತ್ತು ಬಂದ ಮಂದಿಯೆಲ್ಲ ಆ ಟಾಕಿಯ ನೀರಿನಲ್ಲೇ ಕಾಲು ತೊಳೆದಿದ್ದರು. ದ್ಯಾಮಣ್ಣನವರಿಗೆ ಕೊನೆಯ ಸ್ನಾನ ಮಾಡಿಸಿದ್ದು ಅದರಲ್ಲೇ, ಮಾಡಿಸಿದವನು ಉಳವಪ್ಪ. ತುಂಬಿದ ಟಾಕಿಯಿಂದ ಕೊಡ ಕೊಡ ತೆಗೆದು ಸುರಿದಿದ್ದ, ತಮ್ಮನ ಕಡೆ ನೋಡದೆ.

"ಹೇಳಬೇಕಿಲ್ಲೇನೋ," ಎಂದ ಉಳವಪ್ಪ.

"ಯಾರ ಕೈಲೆ ಹೇಳಿಕಳಸ್ಲಿ?" ಎಂದ ಹನಮೇಶ.

ಗಾಳಿ ಎಲ್ಲ ಹೋಗಿ ಬರೀ ಎಣ್ಣೆ ಬರತೊಡಗಿತ್ತು. ಅದು ಉಳವಪ್ಪನ ಮಣಿಕಟ್ಟಿಗೆ ಇಳಿದು, ಮೊಣಕೈವರೆಗೆ ಹರಿದು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ನಿಪ್ಪಲ್ಲು ಬಿಗಿ ಮಾಡಲಿಲ್ಲ.

"ಅಣ್ಣಾ, ಕಾಲು ನೋಯಾಕತ್ತೈತಿ. ಬಿಡ್ಲೇನು?"

"ಬ್ಯಾಡೋ," ಎಂದ ಉಳವಪ್ಪ. "ಇನ್ನೊಂದೀಟು ಹಿಡಿ."